ಎಲಿಕ್ಸರ್ ಕಲಿಯೋಕೆ ಯಾವ ಪುಸ್ತಕ? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಜಾವಾ ಮೇಲೋ ಪೈಥಾನ್ ಮೇಲೋ ಹೊಸ ಪುಸ್ತಕ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಬರುತ್ತಲೇ ಇರುತ್ತವೆ. ಎಲಿಕ್ಸರ್‌ನಂಥ ಚಿಕ್ಕ ಪ್ರೋಗ್ರಾಮಿಂಗ್ ಭಾಷೆಗೆ ಒಂದು ಒಳ್ಳೆ ಪುಸ್ತಕ ಬಂದರೆ ಮಾತ್ರ ಅದು ಮನೆಯ ಸುದ್ದಿ ಇದ್ದಂತೆ. 2024ರಲ್ಲಿ ಸಾಶಾ ಯೂರಿಚ್ ಅವರ 'ಎಲಿಕ್ಸರ್ ಇನ್ ಆ್ಯಕ್ಷನ್' ಮೂರನೇ ಆವೃತ್ತಿ ಬಂತು. ನಮ್ಮ ಆಫೀಸಿನಲ್ಲಿ ಎಲಿಕ್ಸರ್ ಬರೆಯುವವರು ನಾಲ್ಕೇ ಜನ. ಆ ದಿನ ಊಟದ ಹೊತ್ತು ಪೂರ್ತಿ ಅದೇ ಮಾತು. ಯಾರೋ ಕೂತು ಐದು ವರ್ಷದ ಹಳೆ ಪುಸ್ತಕವನ್ನು ಮತ್ತೆ ಸಾಲು ಸಾಲಾಗಿ ನೋಡಿ ತಿದ್ದಿದ್ದಾರೆ ಅಂದರೆ, ಈ ಭಾಷೆಗೆ ಓದುವವರಿದ್ದಾರೆ, ಇನ್ನೂ ಬರುತ್ತಾರೆ ಅಂತ ನಂಬಿದ್ದಾರೆ ಅಂತಲೇ ಅಲ್ವಾ. ಅದು ನಮಗೆ ತುಂಬಾ ಖುಷಿ ಕೊಟ್ಟಿತು.

ಖುಷಿಯ ಹಿಂದೆಯೇ ಪ್ರಶ್ನೆಗಳೂ ಬಂದವು. ಇದನ್ನೇ ತಗೋಬೇಕಾ, ಡೇವ್ ಥಾಮಸ್ ಅವರ 'ಪ್ರೋಗ್ರಾಮಿಂಗ್ ಎಲಿಕ್ಸರ್' ಸಾಕಾಗುತ್ತಾ? ಮೊದಲು ಎಲಿಕ್ಸರ್‌ಗೆ ಬುನಾದಿಯಾದ ಎರ್ಲಾಂಗ್ ಭಾಷೆ ಕಲಿಯಬೇಕಾ? ಕೆಲಸಕ್ಕೆ ಬೇಕಿರುವುದು ವೆಬ್ ತಾನೇ, ನೇರವಾಗಿ ಎಲಿಕ್ಸರ್‌ನ ವೆಬ್ ಫ್ರೇಮ್‌ವರ್ಕ್ ಆದ ಫೀನಿಕ್ಸ್ ಮೇಲಿನ ಪುಸ್ತಕ ತಗೊಂಡರೆ ಆಗಲ್ವಾ? ಕಾಲೇಜಿನ ಹುಡುಗ ಹುಡುಗಿಯರು ಕೇಳುವುದು ಇನ್ನೊಂದು: ದುಡ್ಡು ಕೊಡದೆ ಕಲಿಯಲು ಆಗುತ್ತಾ? ಕಳೆದ ಕೆಲವು ತಿಂಗಳಲ್ಲಿ ಈ ಪ್ರಶ್ನೆಗಳಿಗೆ ಬೇರೆ ಬೇರೆಯವರಿಗೆ ಬಿಡಿ ಬಿಡಿಯಾಗಿ ಉತ್ತರ ಬರೆದಿದ್ದೇನೆ. ಈಗ ಒಂದೇ ಕಡೆ ಕೂಡಿಸಿ ಬರೆಯುತ್ತಿದ್ದೇನೆ.

ಈ ಭಾಷೆಯ ಹೆಸರನ್ನೇ ಈಗ ಕೇಳುತ್ತಿರುವವರಿಗೆ ಎರಡು ಮಾತು. ಎರ್ಲಾಂಗ್ ಹುಟ್ಟಿದ್ದು 1986ರ ಸುಮಾರಿಗೆ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಕೆಲಸಕ್ಕಾಗಿ. ಒಬ್ಬರ ಕಾಲ್ ಕಟ್ಟಾದರೆ ಪಕ್ಕದವರ ಕಾಲ್ ಕಟ್ಟಾಗಬಾರದು. ಎಕ್ಸ್‌ಚೇಂಜ್ ನಿಲ್ಲಿಸದೆಯೇ ಒಳಗಿನ ಸಾಫ್ಟ್‌ವೇರ್ ಬದಲಾಯಿಸಲು ಆಗಬೇಕು. ಆ ಅಗತ್ಯದಿಂದ ಬಂದ ಭಾಷೆ ಅದು. 1998ರಲ್ಲಿ ಎರಿಕ್ಸನ್ ಅದನ್ನು ಓಪನ್ ಸೋರ್ಸ್ ಮಾಡಿತು. ಬ್ರೆಜಿಲ್‌ನ ಜೋಸೆ ವಲಿಂ 2011ರಲ್ಲಿ ಎರ್ಲಾಂಗ್ ಕೋಡ್ ಓಡಿಸುವ ವರ್ಚುವಲ್ ಮಶೀನ್ ಆದ ಬೀಮ್ ಮೇಲೆಯೇ ಎಲಿಕ್ಸರ್ ಕಟ್ಟಲು ಶುರು ಮಾಡಿದರು, 1.0 ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ನಾವು ದಿನಾ ಬಳಸುವ ವಾಟ್ಸಾಪ್‌ನ ಸರ್ವರ್‌ಗಳು ಎರ್ಲಾಂಗ್‌ನಲ್ಲಿ ಬೆಳೆದವು, 2012ರಲ್ಲೇ ಒಂದು ಸರ್ವರ್ ಮೇಲೆ 20 ಲಕ್ಷ ಕನೆಕ್ಷನ್ ನಿಲ್ಲಿಸಿ ತೋರಿಸಿದ್ದರು. ಡಿಸ್ಕಾರ್ಡ್ ಎಲಿಕ್ಸರ್ ಬಳಸುತ್ತದೆ. ನಮ್ಮ ದೇಶದಲ್ಲೇ ಸ್ವಯಂಸೇವಾ ಸಂಸ್ಥೆಗಳು ವಾಟ್ಸಾಪ್ ಮೂಲಕ ಜನರ ಜೊತೆ ಮಾತಾಡಲು ಬಳಸುವ ಗ್ಲಿಫಿಕ್ ಇದೆ. ಅದೂ ಎಲಿಕ್ಸರ್‌ನಲ್ಲೇ ಬರೆದದ್ದು, ಓಪನ್ ಸೋರ್ಸ್, ಯಾರು ಬೇಕಾದರೂ ಕೋಡ್ ತೆರೆದು ಓದಬಹುದು.

ಮೊದಲು ಅಳತೆಗೋಲು

ಪುಸ್ತಕಗಳ ಹೆಸರು ಹೇಳುವ ಮುಂಚೆ, ನಾನು ಯಾವುದನ್ನು ನೋಡಿ ಆರಿಸುತ್ತೇನೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಅಳತೆ ಬೇರೆ ಇದ್ದರೆ ನನ್ನ ಉತ್ತರವೂ ನಿಮಗೆ ಬೇರೆ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಪುಸ್ತಕದಲ್ಲಿ ಹಳಸುವ ಭಾಗ ಎಷ್ಟು, ಹಳಸದ ಭಾಗ ಎಷ್ಟು ಅನ್ನುವುದು. ರಾತ್ರಿಯ ಅನ್ನ ಬೆಳಗ್ಗೆಗೆ ಹಳಸುತ್ತದೆ, ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತದೆ. ಪ್ರೋಗ್ರಾಮಿಂಗ್ ಪುಸ್ತಕದಲ್ಲೂ ಎರಡೂ ಇರುತ್ತವೆ. ಯಾವ ಕಮಾಂಡ್ ಕೊಡಬೇಕು, ಯಾವ ಲೈಬ್ರರಿಯ ಯಾವ ವರ್ಷನ್ ಹಾಕಬೇಕು, ಫ್ರೇಮ್‌ವರ್ಕ್‌ನಲ್ಲಿ ಯಾವ ಫೋಲ್ಡರ್ ಎಲ್ಲಿರಬೇಕು, ಇದೆಲ್ಲ ಅನ್ನ. ಒಂದು ಪ್ರೊಸೆಸ್, ಅಂದರೆ ತನ್ನಷ್ಟಕ್ಕೆ ಓಡುತ್ತಿರುವ ಒಂದು ಕೆಲಸ, ಸತ್ತರೆ ಏನಾಗಬೇಕು, ಸ್ಥಿತಿಯನ್ನು (ಸ್ಟೇಟ್) ಯಾರ ಕೈಯಲ್ಲಿ ಇಡಬೇಕು, ತಪ್ಪು ಎಲ್ಲಿಯವರೆಗೆ ಹರಡಲು ಬಿಡಬೇಕು, ಇದು ಉಪ್ಪಿನಕಾಯಿ. ಎಲಿಕ್ಸರ್‌ಗೆ ಆರು ತಿಂಗಳಿಗೊಮ್ಮೆ ಹೊಸ ವರ್ಷನ್ ಬರುತ್ತದೆ, ಹಾಗಾಗಿ ಮೊದಲನೆಯದು ಬೇಗ ಹೋಗುತ್ತದೆ. ಎರಡನೆಯದು ಎರ್ಲಾಂಗ್ ಕಾಲದಿಂದ ಹಾಗೇ ಇದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ದುಡ್ಡು ಕೊಡುವುದಾದರೆ ಹಳಸದ ಭಾಗಕ್ಕೆ ಕೊಡಿ. ಹಳಸುವ ಭಾಗ ಬಿಟ್ಟಿಯಾಗಿ ಸಿಗುತ್ತದೆ, ಅದೂ ಯಾವ ಪುಸ್ತಕಕ್ಕಿಂತ ತಾಜಾ ಆಗಿ.

ಆಮೇಲೆ ನಿಮ್ಮ ಗುರಿ. ಮುಂದಿನ ತಿಂಗಳು ಎಲಿಕ್ಸರ್ ಪ್ರಾಜೆಕ್ಟ್‌ಗೆ ಹಾಕುತ್ತಿದ್ದಾರಾ, ಬೇರೆ ಥರ ಯೋಚನೆ ಮಾಡುವುದನ್ನು ಕಲಿಯುವ ಆಸೆಯಾ, ಅಥವಾ ಈಗಾಗಲೇ ಓಡುತ್ತಿರುವ ಸಿಸ್ಟಂ ನಿಮ್ಮ ಮಡಿಲಿಗೆ ಬಂದು ಬಿದ್ದಿದೆಯಾ? ಮೂರಕ್ಕೂ ಮೂರು ಬೇರೆ ಪುಸ್ತಕ.

ಮೂರನೆಯದು, ನಿಮಗೆ ಈಗ ಏನು ಗೊತ್ತು. ಫಂಕ್ಷನಲ್ ಶೈಲಿ, ಅಂದರೆ ಲೂಪ್ ಬದಲು ಫಂಕ್ಷನ್‌ಗಳನ್ನು ಜೋಡಿಸಿ ಬರೆಯುವ ಶೈಲಿ, ಹೊಸದಾದರೆ ಪ್ಯಾಟರ್ನ್ ಮ್ಯಾಚಿಂಗ್, ರಿಕರ್ಷನ್ ಇವಕ್ಕೇ ಎರಡು ವಾರ ಬೇಕು, ಅಭ್ಯಾಸದ ಲೆಕ್ಕ ಜಾಸ್ತಿ ಇರುವ ಪುಸ್ತಕ ಬೇಕು. ಸ್ಕಾಲಾ, ಹ್ಯಾಸ್ಕೆಲ್ ಏನಾದರೂ ಮುಟ್ಟಿದವರು ಆ ಅಧ್ಯಾಯಗಳನ್ನು ಒಂದು ಸಂಜೆಯಲ್ಲಿ ದಾಟಿಬಿಡುತ್ತಾರೆ.

ಕೊನೆಗೆ ಬೆಲೆ. ಇವುಗಳ ಬೆಲೆ ಇರುವುದು ಡಾಲರ್‌ನಲ್ಲಿ. ನಮಗೆ ಒಂದೊಂದು ಪುಸ್ತಕವೂ ಸಾವಿರಗಳ ಲೆಕ್ಕ, ಸುಮ್ನೆ ಮೂರು ತರಿಸಿ ನೋಡೋಣ ಅನ್ನುವಂತಿಲ್ಲ.

ಎಲಿಕ್ಸರ್ ಇನ್ ಆ್ಯಕ್ಷನ್, ಮೂರನೇ ಆವೃತ್ತಿ

ಒಂದೇ ಪುಸ್ತಕ ಕೊಳ್ಳುವುದಾದರೆ ಯಾವುದು ಅಂದರೆ ನಾನು ಹೇಳುವುದು ಇದನ್ನೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ನಾಲ್ಕು ಅಧ್ಯಾಯ ಭಾಷೆಯ ಪರಿಚಯ. ಅಲ್ಲಿ ವಿಶೇಷ ಏನಿಲ್ಲ, ಅಚ್ಚುಕಟ್ಟಾಗಿದೆ ಅಷ್ಟೆ. ಪುಸ್ತಕದ ಜೀವ ಇರುವುದು ಐದರಿಂದ ಹತ್ತನೇ ಅಧ್ಯಾಯದವರೆಗೆ. ಎಲಿಕ್ಸರ್‌ನಲ್ಲಿ ಪ್ರೊಸೆಸ್ ಅಂದರೆ ಆಪರೇಟಿಂಗ್ ಸಿಸ್ಟಂನ ಪ್ರೊಸೆಸ್ ಅಲ್ಲ, ಬೀಮ್ ಒಳಗಿನ ಪುಟ್ಟ ಜೀವಿ. ಹುಟ್ಟುವಾಗ ಅದಕ್ಕೆ ಬೇಕಾಗುವುದು ಎರಡು ಮೂರು ಕಿಲೋಬೈಟ್ ಜಾಗ. ಲಕ್ಷಗಟ್ಟಲೆ ಸಾಕಬಹುದು. ಒಂದರ ನೆನಪು ಇನ್ನೊಂದಕ್ಕೆ ಕಾಣುವುದಿಲ್ಲ, ಸಂದೇಶ ಕಳಿಸಿಯೇ ಮಾತಾಡಬೇಕು. ಈ ಮಾದರಿಯ ಮೇಲೆ ಸರ್ವರ್ ಬರೆಯಲು ಎಲ್ಲರೂ ಬಳಸುವುದು ಜೆನ್‌ಸರ್ವರ್. ಬಹಳ ಕಡೆ ಜೆನ್‌ಸರ್ವರ್ ಅನ್ನು ಮಂತ್ರದ ಥರ ಕೊಟ್ಟುಬಿಡುತ್ತಾರೆ: ಈ ನಾಲ್ಕು ಫಂಕ್ಷನ್ ಬರೆಯಿರಿ, ಕೆಲಸ ಮಾಡುತ್ತದೆ, ಅಂತ. ಯೂರಿಚ್ ಹಾಗೆ ಮಾಡುವುದಿಲ್ಲ. ಐದನೇ ಅಧ್ಯಾಯದಲ್ಲಿ ಬರೀ ಸ್ಪಾನ್ (ಪ್ರೊಸೆಸ್ ಹುಟ್ಟಿಸುವುದು), ಸೆಂಡ್, ರಿಸೀವ್ ಇಟ್ಟುಕೊಂಡು ಪ್ರೊಸೆಸ್ ಬರೆಸುತ್ತಾರೆ. ಆರನೆಯದರಲ್ಲಿ, ಎಲ್ಲ ಸರ್ವರ್‌ಗಳಲ್ಲೂ ಮತ್ತೆ ಮತ್ತೆ ಬರುವ ಭಾಗವನ್ನು ಬೇರೆ ತೆಗೆದು ಒಂದು ಸಾಮಾನ್ಯ ಸರ್ವರನ್ನು ನಿಮ್ಮ ಕೈಯಿಂದಲೇ ಕಟ್ಟಿಸುತ್ತಾರೆ. ಅದು ಓಡಿದ ಮೇಲೆ, ಇದನ್ನೇ ಒಟಿಪಿಯಲ್ಲಿ, ಅಂದರೆ ಎರ್ಲಾಂಗ್ ಜೊತೆಗೇ ಬರುವ ಲೈಬ್ರರಿಗಳ ಗುಂಪಿನಲ್ಲಿ, ಆಗಲೇ ಚೆನ್ನಾಗಿ ಮಾಡಿಟ್ಟಿದ್ದಾರೆ, ಅದರ ಹೆಸರು ಜೆನ್‌ಸರ್ವರ್, ಅಂತ ತೋರಿಸುತ್ತಾರೆ. ಆ ಹೊತ್ತಿಗೆ ನಿಮಗೆ ಅದರಲ್ಲಿ ಗೊತ್ತಿಲ್ಲದ್ದು ಏನೂ ಉಳಿದಿರುವುದಿಲ್ಲ. ಹಿಟ್ಟು ಕಲಸಿ, ಲಟ್ಟಿಸಿ, ಬೇಯಿಸಿದವರಿಗೆ ಅಂಗಡಿಯ ಚಪಾತಿ ಪ್ಯಾಕೆಟ್ ನೋಡಿದರೆ ಅದರೊಳಗೆ ಏನಿದೆ ಅಂತ ಗೊತ್ತಿರುತ್ತದೆ, ಹಾಗೆ.

ಇನ್ನೊಂದು, ಉದಾಹರಣೆ ಬದಲಾಗುವುದಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿ, ಅಂದರೆ ಟು-ಡು ಲಿಸ್ಟ್, ನಾಲ್ಕನೇ ಅಧ್ಯಾಯದಲ್ಲಿ ಒಂದು ಮಾಮೂಲಿ ಡೇಟಾ ಆಗಿ ಶುರುವಾಗುತ್ತದೆ. ಆಮೇಲೆ ಅದೇ ಒಂದು ಪ್ರೊಸೆಸ್ ಆಗುತ್ತದೆ, ಹಲವು ಪ್ರೊಸೆಸ್ ಆಗುತ್ತದೆ, ಡಿಸ್ಕಿಗೆ ಬರೆಯುತ್ತದೆ, ಸತ್ತ ಪ್ರೊಸೆಸ್ಸನ್ನು ಮತ್ತೆ ಎಬ್ಬಿಸುವ ಸೂಪರ್‌ವೈಸರ್ ಕೆಳಗೆ ಹೋಗುತ್ತದೆ, ಎಚ್‌ಟಿಟಿಪಿ ಸರ್ವರ್ ಆಗುತ್ತದೆ, ಕೊನೆಗೆ ಹಲವು ಮಶೀನ್ ಮೇಲೆ ಹರಡಿಕೊಳ್ಳುತ್ತದೆ. ಪ್ರತಿ ಹಂತದಲ್ಲೂ ಹಿಂದಿನ ಹಂತದ ಒಂದು ತೊಂದರೆಯೇ ಮುಂದಿನದಕ್ಕೆ ಕಾರಣ. ಎಂಟು ಮತ್ತು ಒಂಬತ್ತನೇ ಅಧ್ಯಾಯ ಪೂರ್ತಿ ತಪ್ಪುಗಳ ಬಗ್ಗೆ: ಏನು ಕೆಟ್ಟರೆ ಯಾವುದು ಜೊತೆಗೆ ಬೀಳಬೇಕು, ಯಾವುದು ಉಳಿಯಬೇಕು. ಸೂಪರ್‌ವೈಸರ್ ಅನ್ನು ಹಾಗೇ ಬಿಟ್ಟರೆ 5 ಸೆಕೆಂಡಿನಲ್ಲಿ 3 ಸಲದವರೆಗೆ ಮಾತ್ರ ಮಗು ಪ್ರೊಸೆಸ್ಸನ್ನು ಮತ್ತೆ ಎಬ್ಬಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ತಾನೇ ಸತ್ತು ವಿಷಯವನ್ನು ಮೇಲಿನವರಿಗೆ ಬಿಡುತ್ತದೆ. ಇದು ಯಾಕೆ ಸರಿ ಅಂತ ಒಮ್ಮೆ ಅರ್ಥವಾದರೆ ನೀವು ಬೇರೆ ಭಾಷೆಯಲ್ಲಿ ಬರೆಯುವ ಕೋಡ್ ಕೂಡ ಬದಲಾಗುತ್ತದೆ. ನನಗೆ ಆಗಿದೆ.

ಕೊರತೆಗಳೂ ಇವೆ. ಫೀನಿಕ್ಸ್ ಇಲ್ಲ, ಡೇಟಾಬೇಸ್‌ಗೆ ಎಲ್ಲರೂ ಬಳಸುವ ಎಕ್ಟೋ ಇಲ್ಲ. ನಾಳೆ ಬೆಳಗ್ಗೆ ಒಂದು ವೆಬ್‌ಸೈಟ್ ಎಬ್ಬಿಸಬೇಕು ಅನ್ನುವವರಿಗೆ ಇದು ನಿಧಾನ ಅನ್ನಿಸುತ್ತದೆ. ಅಧ್ಯಾಯದ ಕೊನೆಗೆ ಲೆಕ್ಕಗಳ ರಾಶಿಯೂ ಇಲ್ಲ, ಜೊತೆಜೊತೆಗೆ ಕೋಡ್ ಟೈಪ್ ಮಾಡುತ್ತಾ ಹೋಗಬೇಕು. ಬರೀ ಮಲಗಿಕೊಂಡು ಓದಿದರೆ ಏಳನೇ ಅಧ್ಯಾಯದಲ್ಲಿ ದಾರಿ ತಪ್ಪುತ್ತದೆ. ಇದನ್ನು ಕಂಪ್ಯೂಟರ್ ಮುಂದೆ ಕೂತೇ ಓದಿ.

ಕೊಳ್ಳುವಾಗ ಒಂದು ಗಮನ: ಪ್ರಕಾಶಕರಾದ ಮ್ಯಾನಿಂಗ್‌ನಿಂದ ಮುದ್ರಿತ ಪ್ರತಿ ಕೊಂಡರೆ ಇ-ಪುಸ್ತಕ ಜೊತೆಗೇ ಬರುತ್ತದೆ. ಇ-ಪುಸ್ತಕ ಮಾತ್ರ ಸಾಕು ಅನ್ನುವವರು ಅವಸರ ಮಾಡಬೇಡಿ, ಅವರು ಆಗಾಗ ಅರ್ಧ ಬೆಲೆಗೆ ಮಾರುತ್ತಾರೆ. ಕೆಲವು ಪ್ರಕಾಶಕರ ಪುಸ್ತಕಗಳಿಗೆ ಭಾರತದಲ್ಲೇ ಮರುಮುದ್ರಣ ಬರುವುದುಂಟು, ಬೆಲೆ ತುಂಬಾ ಕಡಿಮೆ ಇರುತ್ತದೆ. ಸಿಕ್ಕರೆ ಬಿಡಬೇಡಿ, ಆದರೆ ಎಷ್ಟನೇ ಆವೃತ್ತಿ ಅಂತ ನೋಡಿಯೇ ದುಡ್ಡು ಕೊಡಿ.

ಡೇವ್ ಥಾಮಸ್ ಅವರ ಪ್ರೋಗ್ರಾಮಿಂಗ್ ಎಲಿಕ್ಸರ್

ಈ ಪುಸ್ತಕದ ಮೇಲೆ ನನಗೆ ಪ್ರೀತಿ ಇದೆ. ನಾನು ಶುರು ಮಾಡಿದ್ದು ಇದರಿಂದಲೇ. ಈಗ ಸಿಗುವುದು 2018ರಲ್ಲಿ ಬಂದದ್ದು, ಎಲಿಕ್ಸರ್ 1.6ಕ್ಕೆ ಹೊಂದಿಸಿದ್ದು.

ಥಾಮಸ್ ಬರೆಯುವುದು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಲೂಪ್ ಬರೆದು ಬರೆದು ಕೈ ಕೂತವರಿಗೆ ಫಂಕ್ಷನಲ್ ಯೋಚನೆ ಹಿಡಿಸುವುದರಲ್ಲಿ ಇವರನ್ನು ಮೀರಿಸಿದವರನ್ನು ನಾನು ಓದಿಲ್ಲ. ಪ್ರತಿ ಅಧ್ಯಾಯದಲ್ಲೂ ನೀವೇ ಮಾಡಿ ನೋಡಿ ಅಂತ ಲೆಕ್ಕಗಳಿವೆ, ಅವು ನಿಜಕ್ಕೂ ತಲೆಗೆ ಕೆಲಸ ಕೊಡುತ್ತವೆ. ಗಿಟ್‌ಹಬ್‌ನಿಂದ ಇಶ್ಯೂಗಳ ಪಟ್ಟಿ ತಂದು ಟರ್ಮಿನಲ್‌ನಲ್ಲಿ ತೋರಿಸುವ ಒಂದು ಪುಟ್ಟ ಪ್ರಾಜೆಕ್ಟ್ ಇದೆ, ಅದನ್ನು ಮುಗಿಸಿದವರಿಗೆ ಎಲಿಕ್ಸರ್ ಪ್ರಾಜೆಕ್ಟಿನ ಆಕಾರ ಕೈಗೆ ಸಿಗುತ್ತದೆ.

ಸ್ಟ್ರಿಂಗ್ ಮತ್ತು ಬೈನರಿಗೆ ಇವರು ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಕನ್ನಡದವರಿಗೆ ಅದು ಬೇರೆಯವರಿಗಿಂತ ಜಾಸ್ತಿ ಬೇಕು. ಎಲಿಕ್ಸರ್ ಶೆಲ್ ತೆರೆದು 'ಕನ್ನಡ' ಅನ್ನುವ ಪದದ ಬೈಟ್ ಎಷ್ಟು ಅಂತ ಕೇಳಿ, 15 ಅನ್ನುತ್ತದೆ. ಯಾಕೆ ಅಂದರೆ ಒಳಗಿರುವುದು ಐದು ಯೂನಿಕೋಡ್ ಕೋಡ್‌ಪಾಯಿಂಟ್ (ಕ, ನ, ಒತ್ತಿನ ಗುರುತು, ನ, ಡ), ಒಂದೊಂದಕ್ಕೂ ಮೂರು ಬೈಟ್. ಉದ್ದ ಎಷ್ಟು ಅಂತ ಕೇಳಿದರೆ ನನ್ನ ಮಶೀನಿನಲ್ಲಿ 4 ಬರುತ್ತದೆ. ನಾವು ಎಣಿಸುವುದು ಕ, ನ್ನ, ಡ ಅಂತ ಮೂರೇ ಅಕ್ಷರ. ಅದು 'ನ್' ಮತ್ತು 'ನ' ಎರಡನ್ನೂ ಬೇರೆ ಬೇರೆ ಎಣಿಸುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗಿದ್ದು ಆ ಅಧ್ಯಾಯ ಓದಿದ ಮೇಲೆಯೇ. ಕನ್ನಡದ ಹುಡುಕಾಟವೋ ಪದಬಂಧವೋ ಬರೆಯುವವರು ಈ ಭಾಗವನ್ನು ಬಿಡಲೇಬಾರದು.

ಇನ್ನು ಹಳಸಿದ್ದು ಯಾವುದು? ಪ್ರೋಗ್ರಾಂ ಅನ್ನು ಕಟ್ಟಿ ಸರ್ವರಿಗೆ ಒಯ್ಯುವ ಭಾಗ. 2019ರ ಜೂನ್‌ನಲ್ಲಿ ಎಲಿಕ್ಸರ್ 1.9 ಬಂದಾಗ ಅದೇ ಕೆಲಸಕ್ಕಿರುವ 'ಮಿಕ್ಸ್ ರಿಲೀಸ್' ಭಾಷೆಯ ಜೊತೆಗೇ ಬಂತು, ಅದಕ್ಕಿಂತ ಮುಂಚಿನ ಯಾವ ಪುಸ್ತಕದಲ್ಲೂ ಅದು ಇರಲು ಸಾಧ್ಯವಿಲ್ಲ. ಕಾನ್ಫಿಗರೇಷನ್ ಬರೆಯುವ ಕ್ರಮವೂ ಬದಲಾಗಿದೆ. ಒಟಿಪಿ ಭಾಗ ತೆಳು, ಸೂಪರ್‌ವೈಸರ್ ಬಗ್ಗೆ ಹೇಳುತ್ತಾರೆ, ಆದರೆ ದೊಡ್ಡ ಸಿಸ್ಟಂ ಹೇಗೆ ಜೋಡಿಸಬೇಕು ಅನ್ನುವ ಭರವಸೆ ಬರುವುದಿಲ್ಲ.

ಹಾಗಾಗಿ, ಫಂಕ್ಷನಲ್ ಶೈಲಿ ಪೂರ್ತಿ ಹೊಸದು, ಮೊದಲು ಭಾಷೆಯ ರುಚಿ ಹತ್ತಬೇಕು ಅನ್ನುವವರಿಗೆ ಇದು ಸರಿ. ಸ್ನೇಹಿತರ ಹತ್ತಿರ ಇದ್ದರೆ ಎರವಲು ತನ್ನಿ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೊಳ್ಳಿ. ಪೂರ್ತಿ ಬೆಲೆ ಕೊಟ್ಟು ಹೊಸದಾಗಿ ತರಿಸುವುದಾದರೆ, ಅದೇ ದುಡ್ಡಿಗೆ ಯೂರಿಚ್ ಪುಸ್ತಕ ನಿಮ್ಮ ಜೊತೆ ಇನ್ನೂ ದೂರ ಬರುತ್ತದೆ.

ಎರ್ಲಾಂಗ್ ಕಡೆಯಿಂದ ಬರುವ ದಾರಿ

ಎಲಿಕ್ಸರ್ ಕಲಿಯಲು ಎರ್ಲಾಂಗ್ ಬರಲೇಬೇಕಾ? ಬರೆಯಲು ಬೇಡ. ಓದಲು ಬಂದರೆ ತುಂಬಾ ಒಳ್ಳೆಯದು, ಯಾಕೆಂದರೆ ಏನಾದರೂ ಕೆಟ್ಟಾಗ ಎದುರು ಬರುವ ಎರರ್ ಸಂದೇಶ, ಒಳಗಿನ ಲೈಬ್ರರಿ, ಇಪ್ಪತ್ತು ವರ್ಷದ ದಾಖಲೆಗಳು ಎಲ್ಲ ಎರ್ಲಾಂಗ್‌ನಲ್ಲೇ ಇವೆ.

ಇಲ್ಲಿ ಮೊದಲು ಹೇಳಬೇಕಾದ್ದು ಫ್ರೆಡ್ ಎಬೇರ್ ಅವರ 'ಲರ್ನ್ ಯು ಸಮ್ ಎರ್ಲಾಂಗ್'. 2013ರಲ್ಲಿ ಅಚ್ಚಾಯಿತು, ಆದರೆ ಪೂರ್ತಿ ಪುಸ್ತಕ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ. ಚಿತ್ರಗಳು ಅವರೇ ಬರೆದವು. ಪ್ರೊಸೆಸ್ ಒಂದು ಸ್ಥಿತಿಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ಅವರು ಹೇಳಿಕೊಡುವುದು ಒಂದು ಫ್ರಿಜ್ ಇಟ್ಟುಕೊಂಡು: ಫ್ರಿಜ್ಜಿಗೆ ತಿಂಡಿ ಇಡು, ಫ್ರಿಜ್ಜಿನಿಂದ ತಿಂಡಿ ತೆಗೆ, ಇಲ್ಲದ್ದನ್ನು ಕೇಳಿದರೆ ಇಲ್ಲ ಅನ್ನು. ಅಷ್ಟು ಸರಳ. ಎರ್ಲಾಂಗ್‌ನ ಈಗಿನ ಪ್ರಾಜೆಕ್ಟ್ ಸಾಧನಗಳು ಅದರಲ್ಲಿಲ್ಲ, ಅವು ಆಮೇಲೆ ಬಂದವು. ಆದರೆ ಪ್ರೊಸೆಸ್, ಲಿಂಕ್, ಮಾನಿಟರ್, ಸೂಪರ್‌ವೈಸರ್ ಅಧ್ಯಾಯಗಳಿಗೆ ಏನೂ ಆಗಿಲ್ಲ.

ಜೋ ಆರ್ಮ್‌ಸ್ಟ್ರಾಂಗ್ ಎರ್ಲಾಂಗ್ ಕಟ್ಟಿದವರಲ್ಲಿ ಒಬ್ಬರು, 2019ರಲ್ಲಿ ತೀರಿಕೊಂಡರು. ಅವರ 'ಪ್ರೋಗ್ರಾಮಿಂಗ್ ಎರ್ಲಾಂಗ್' ಎರಡನೇ ಆವೃತ್ತಿ ಬಂದದ್ದು 2013ರಲ್ಲಿ. ಅದು ಕೈಗೆ ಸಿಕ್ಕರೆ ಸಂತೋಷ. ಆದರೆ ಬಜೆಟ್ ಚಿಕ್ಕದಿದ್ದರೆ ನಾನು ಹೇಳುವುದು ಅವರ ಪಿಎಚ್‌ಡಿ ಪ್ರಬಂಧವನ್ನು ಓದಿ ಅಂತ. 2003ರಲ್ಲಿ ಬರೆದದ್ದು, ಪಿಡಿಎಫ್ ಬಿಟ್ಟಿ. ಪ್ರಬಂಧ ಅಂತ ಹೆದರಬೇಡಿ, ಮೊದಲ ಕೆಲವು ಅಧ್ಯಾಯ ಯಾರು ಬೇಕಾದರೂ ಓದಬಹುದಾದ ಭಾಷೆಯಲ್ಲಿದೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಇದ್ದೇ ಇರುತ್ತದೆ, ಇದ್ದರೂ ಸಿಸ್ಟಂ ನಿಲ್ಲಬಾರದು, ಅದಕ್ಕೆ ಭಾಷೆ ಹೇಗಿರಬೇಕು, ಅನ್ನುವಲ್ಲಿಂದ ಶುರು ಮಾಡುತ್ತಾರೆ. ಇಷ್ಟು ವರ್ಷದ ಮೇಲೂ ಆ ಪ್ರಶ್ನೆ ಹಾಗೇ ಇದೆ.

ಎಬೇರ್ ಅವರದ್ದೇ ಇನ್ನೊಂದು ಇದೆ, 'ಎರ್ಲಾಂಗ್ ಇನ್ ಆ್ಯಂಗರ್', 2014ರದ್ದು, ಇದೂ ಬಿಟ್ಟಿ. ಇದರ ಬಗ್ಗೆ ನನ್ನದೊಂದು ಅನುಭವ ಹೇಳಬೇಕು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಎಸ್ಸೆಮ್ಮೆಸ್ ಕಳಿಸುವ ಒಂದು ಸರ್ವಿಸ್ ಎಲಿಕ್ಸರ್‌ನಲ್ಲಿತ್ತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಮೆಮೊರಿ ಏರುತ್ತಾ ಏರುತ್ತಾ ಹೋಗಿ, ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ಕೊಂದುಹಾಕಿತು. ಮತ್ತೆ ಎಬ್ಬಿಸಿದೆವು, ಅರ್ಧ ಗಂಟೆಗೆ ಮತ್ತೆ ಅದೇ. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಸೂಪರ್‌ವೈಸರ್ ಇದೆ, ಎಲ್ಲ ಸರಿಹೋಗುತ್ತೆ ಅಂತ ನಂಬಿಕೊಂಡಿದ್ದ ನಮಗೆ ಎಲ್ಲಿ ನೋಡಬೇಕು ಅಂತಲೇ ತಿಳಿಯಲಿಲ್ಲ. ತಂಡದ ಹಿರಿಯರೊಬ್ಬರು ಆ ಪುಸ್ತಕದ ಓವರ್‌ಲೋಡ್ ಅಧ್ಯಾಯ ತೆರೆದು, ಎಬೇರ್ ಅವರೇ ಬರೆದ ರೆಕಾನ್ ಲೈಬ್ರರಿಯಿಂದ ಯಾವ ಪ್ರೊಸೆಸ್‌ನ ಮೇಲ್‌ಬಾಕ್ಸ್, ಅಂದರೆ ಬಂದ ಸಂದೇಶಗಳು ಕಾಯುವ ಸಾಲು, ದೊಡ್ಡದಿದೆ ಅಂತ ಕೇಳಿದರು. ಒಂದೇ ಒಂದು ಜೆನ್‌ಸರ್ವರ್‌ನ ಮೇಲ್‌ಬಾಕ್ಸ್‌ನಲ್ಲಿ ಲಕ್ಷಗಟ್ಟಲೆ ಸಂದೇಶ ಕೂತಿತ್ತು. ಎಲ್ಲ ಎಸ್ಸೆಮ್ಮೆಸ್ಸೂ ಆ ಒಂದು ಬಾಗಿಲಿನಿಂದ ಹೋಗುತ್ತಿತ್ತು, ಹೊರಗಿನ ಗೇಟ್‌ವೇ ನಿಧಾನವಾಗಿತ್ತು, ಕಳಿಸುವವರು ಉತ್ತರಕ್ಕೆ ಕಾಯದ ಕಾಸ್ಟ್ ಬಳಸಿದ್ದರಿಂದ ಯಾರಿಗೂ ಗೊತ್ತಾಗದೆ ರಾಶಿ ಬೆಳೆದಿತ್ತು. ಯಾವ ಪ್ರೊಸೆಸ್ಸೂ ಸಾಯಲಿಲ್ಲ, ಹಾಗಾಗಿ ಸೂಪರ್‌ವೈಸರ್‌ಗೆ ಮಾಡಲು ಕೆಲಸವೇ ಇರಲಿಲ್ಲ. ಇದನ್ನು ಯಾವ ಶುರುವಿನ ಪುಸ್ತಕವೂ ಮನಸ್ಸಿಗೆ ನಾಟುವಂತೆ ಹೇಳುವುದಿಲ್ಲ. ಓಡುತ್ತಿರುವ ಸಿಸ್ಟಂ ನಿಮ್ಮ ಹೊಣೆಗೆ ಬಂದಿದ್ದರೆ, ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಇಳಿಸಿಕೊಂಡು ಓದಿ.

ಫೀನಿಕ್ಸ್ ಪುಸ್ತಕಗಳು

ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ವೆಬ್ ಫ್ರೇಮ್‌ವರ್ಕ್ ಪುಸ್ತಕ ಪೂರ್ತಿ ಅನ್ನವೇ. ಫೀನಿಕ್ಸ್ ಮಾಡಿದ ಕ್ರಿಸ್ ಮೆಕಾರ್ಡ್, ಬ್ರೂಸ್ ಟೇಟ್ ಮತ್ತು ಸ್ವತಃ ವಲಿಂ ಸೇರಿ ಬರೆದ 'ಪ್ರೋಗ್ರಾಮಿಂಗ್ ಫೀನಿಕ್ಸ್' 2019ರಲ್ಲಿ 1.4ಕ್ಕೆ ಹೊಂದಿಸಿ ಬಂತು. ಬರೆದವರು ಅವರೇ, ಬರವಣಿಗೆ ಚೆನ್ನಾಗಿದೆ. ಆದರೆ 2023ರಲ್ಲಿ 1.7 ಬಂದಾಗ ಟೆಂಪ್ಲೇಟ್ ಬರೆಯುವ ರೀತಿ, ರೂಟ್ ಬರೆಯುವ ರೀತಿ, ಫೈಲುಗಳು ಕೂರುವ ಜಾಗ ಎಲ್ಲ ಬದಲಾದವು. ಫೀನಿಕ್ಸ್ ಜೊತೆ ಈಗ ಹೆಚ್ಚಿನವರು ಬಳಸುವ ಲೈವ್‌ವ್ಯೂ ಲೈಬ್ರರಿ 1.0 ಆದದ್ದು 2024ರ ಡಿಸೆಂಬರ್‌ನಲ್ಲಿ. ಹಳೆ ಪುಸ್ತಕ ಇಟ್ಟುಕೊಂಡು ಹೊಸ ಫೀನಿಕ್ಸ್ ಹಾಕಿದರೆ ಮೊದಲ ದಿನದಿಂದಲೇ ಪುಸ್ತಕದಲ್ಲಿರುವುದು ಬೇರೆ, ತೆರೆಯ ಮೇಲಿರುವುದು ಬೇರೆ. ಹೊಸಬರಿಗೆ ತಪ್ಪು ತಮ್ಮದಾ ಪುಸ್ತಕದ್ದಾ ಅಂತ ತಿಳಿಯುವುದಿಲ್ಲ, ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಅದು ನೋಡಿದರೆ ಬೇಜಾರಾಗುತ್ತದೆ. ಫೀನಿಕ್ಸ್‌ಗೆ ಅದರ ಅಧಿಕೃತ ಗೈಡ್‌ಗಳನ್ನೇ ಓದಿ, ಪ್ರತಿ ವರ್ಷನ್ ಜೊತೆ ಅವೂ ಬದಲಾಗುತ್ತವೆ. ನಿಮ್ಮ ಕಂಪನಿಯ ಪ್ರಾಜೆಕ್ಟ್ 1.4ರಲ್ಲೇ ನಿಂತಿದ್ದರೆ ಮಾತ್ರ ಆ ಪುಸ್ತಕ ಚಿನ್ನ.

ದುಡ್ಡೇ ಕೊಡದೆ

ಆಗುತ್ತದೆ. ಎಲಿಕ್ಸರ್‌ನ ಅಧಿಕೃತ ಪರಿಚಯ ಚೆನ್ನಾಗಿದೆ, ಅದರ ಮುಂದುವರಿಕೆಯಾಗಿ ಮಿಕ್ಸ್ ಮತ್ತು ಒಟಿಪಿ ಗೈಡ್ ಇದೆ, ಅಲ್ಲಿ ಒಂದು ಕೀ-ವ್ಯಾಲ್ಯೂ ಸ್ಟೋರ್ ಕಟ್ಟಿಸುತ್ತಾರೆ. ಯಾವಾಗಲೂ ತಾಜಾ. ಲೈವ್‌ಬುಕ್ ಹಾಕಿಕೊಂಡರೆ ಬ್ರೌಸರ್ ಒಳಗೇ ಕೋಡ್ ಬರೆದು ಓಡಿಸಿ ನೋಡಬಹುದು. ಎಕ್ಸರ್ಸಿಸಂ ಅನ್ನುವ ಅಭ್ಯಾಸದ ಜಾಲತಾಣದಲ್ಲಿ ಎಲಿಕ್ಸರ್‌ಗೆ ಒಂದು ಟ್ರ್ಯಾಕ್ ಇದೆ, ಅಭ್ಯಾಸಕ್ಕೆ ಬೇಕಾದಷ್ಟು ಲೆಕ್ಕ ಸಿಗುತ್ತದೆ. ಇವಕ್ಕೆ ಎಬೇರ್ ಪುಸ್ತಕದ ಪ್ರೊಸೆಸ್ ಅಧ್ಯಾಯಗಳನ್ನು ಸೇರಿಸಿಕೊಳ್ಳಿ. ಆ ಕೋಡ್ ಎರ್ಲಾಂಗ್‌ನಲ್ಲಿರುತ್ತದೆ, ನೀವು ಎಲಿಕ್ಸರ್‌ಗೆ ತಿರುಗಿಸಿಕೊಂಡು ಬರೆಯಿರಿ. ಆ ತಿರುಗಿಸುವ ಕೆಲಸವೇ ಒಳ್ಳೆ ಅಭ್ಯಾಸ.

ಈ ದಾರಿಯ ಬೆಲೆ ಅಂದರೆ ಸಮಯ. ನಾಲ್ಕು ಕಡೆಯಿಂದ ತಂದು ಒಟ್ಟು ಮಾಡುವಾಗ ನಡುವೆ ಸಂದಿಗಳು ಉಳಿಯುತ್ತವೆ, ಅವನ್ನು ನೀವೇ ತುಂಬಿಕೊಳ್ಳಬೇಕು. ಪುಸ್ತಕ ಬರೆದವರು ಆ ಸಂದಿಗಳನ್ನು ತುಂಬಿ ಕೊಟ್ಟಿರುತ್ತಾರೆ, ನಾವು ದುಡ್ಡು ಕೊಡುವುದು ಅದಕ್ಕೇ.

ಹಾಗಾದರೆ ಯಾರು ಏನು ತಗೋಬೇಕು

ವಿದ್ಯಾರ್ಥಿಗಳಿಗೆ: ಎರಡು ತಿಂಗಳು ಬಿಟ್ಟಿ ದಾರಿಯಲ್ಲೇ ನಡೆಯಿರಿ. ಆಗಲೂ ಆಸೆ ಉಳಿದಿದ್ದರೆ ನಾಲ್ಕು ಜನ ಸೇರಿ ಯೂರಿಚ್ ಪುಸ್ತಕದ ಮುದ್ರಿತ ಪ್ರತಿ ಒಂದು ತರಿಸಿ, ಅಥವಾ ಲೈಬ್ರರಿಯವರಿಗೆ ತರಿಸಲು ಕೇಳಿ. ಬೆಂಗಳೂರಿನಲ್ಲೂ ಎಲಿಕ್ಸರ್ ಕೆಲಸಗಳು ಜಾವಾ, ನೋಡ್.ಜೆಎಸ್‌ಗೆ ಹೋಲಿಸಿದರೆ ಕಡಿಮೆ. ಇದೊಂದನ್ನೇ ನಂಬಿ ಕೂರಬೇಡಿ, ಆದರೆ ಇದರಲ್ಲಿ ಕಲಿತದ್ದು ಬೇರೆ ಕೆಲಸದಲ್ಲೂ ಬಳಕೆಗೆ ಬರುತ್ತದೆ.

ನೋಡ್ ಅಥವಾ ಜಾವಾದಲ್ಲಿ ಮೂರ್ನಾಲ್ಕು ವರ್ಷ ಕೆಲಸ ಮಾಡಿದವರು, ಒಂದು ಪುಸ್ತಕಕ್ಕೆ ದುಡ್ಡು ಹಾಕಲು ತಯಾರಿರುವವರು, ಯೋಚನೆ ಮಾಡದೆ 'ಎಲಿಕ್ಸರ್ ಇನ್ ಆ್ಯಕ್ಷನ್' ತಗೊಳ್ಳಿ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಎರಡು ಎರಡೂವರೆ ತಿಂಗಳು ಹಿಡಿಯುತ್ತದೆ. ನನಗೆ ಅಷ್ಟು ಹಿಡಿಯಿತು.

ಮುಂದಿನ ವಾರವೇ ಫೀನಿಕ್ಸ್ ಪ್ರಾಜೆಕ್ಟ್‌ಗೆ ಹೋಗಬೇಕಾದವರು ಮೊದಲು ಅಧಿಕೃತ ಗೈಡ್‌ಗಳಿಂದ ಕೆಲಸ ಶುರು ಮಾಡಿ, ಜೊತೆಗೆ ಸಂಜೆ ಹೊತ್ತು ಯೂರಿಚ್ ಪುಸ್ತಕದ ಐದನೇ ಅಧ್ಯಾಯದಿಂದ ಓದಿ. ಮೊದಲ ನಾಲ್ಕು ಆಮೇಲೆ ನೋಡಿದರೂ ನಡೆಯುತ್ತದೆ. ಬರೀ ಫೀನಿಕ್ಸ್ ಕಲಿತು ಒಟಿಪಿ ಬಿಟ್ಟವರು ಮೊದಲ ದೊಡ್ಡ ತೊಂದರೆ ಬರುವವರೆಗೆ ಆರಾಮಾಗಿರುತ್ತಾರೆ, ಆಮೇಲೆ ಕಷ್ಟ.

ತಂಡದ ಮುಖ್ಯಸ್ಥರು, ಕಂಪನಿಯ ದುಡ್ಡಿನಲ್ಲಿ ಕೊಳ್ಳುವವರು, ಎಲ್ಲರಿಗೂ ಒಂದೊಂದು ತರಿಸುವ ಬದಲು ಎರಡು ಮೂರು ಪ್ರತಿ ತರಿಸಿ ವಾರಕ್ಕೊಂದು ಅಧ್ಯಾಯ ಒಟ್ಟಿಗೆ ಕೂತು ಓದಿ. ಹದಿಮೂರು ಅಧ್ಯಾಯ, ಮೂರೂವರೆ ತಿಂಗಳ ಲೆಕ್ಕ. ಎಂಟು ಮತ್ತು ಒಂಬತ್ತಕ್ಕೆ ಎರಡೆರಡು ವಾರ ಇಟ್ಟುಕೊಳ್ಳಿ, ಅಲ್ಲಿ ನಮ್ಮ ಸಿಸ್ಟಂನಲ್ಲಿ ಇದು ಕೆಟ್ಟರೆ ಏನಾಗುತ್ತೆ ಅನ್ನುವ ಚರ್ಚೆ ತಾನಾಗಿಯೇ ಶುರುವಾಗುತ್ತದೆ.

ಕೊನೆಯದು, ಎಲ್ಲರಿಗಿಂತ ಜಾಸ್ತಿ ಕೇಳಿದ ಪ್ರಶ್ನೆ: 2019ರ ಎರಡನೇ ಆವೃತ್ತಿ ಮನೆಯಲ್ಲಿದೆ, ಮೂರನೆಯದು ಮತ್ತೆ ಕೊಳ್ಳಬೇಕಾ? ಅದನ್ನು ಪೂರ್ತಿ ಓದಿ ಮುಗಿಸಿದ್ದರೆ ಬೇಡ. ಪ್ರೊಸೆಸ್, ಸೂಪರ್‌ವೈಸರ್ ಅಧ್ಯಾಯಗಳ ತಿರುಳು ಅದೇ. ಕೊನೆಯ ಅಧ್ಯಾಯದಲ್ಲಿ ಸರ್ವರಿಗೆ ಒಯ್ಯುವ ಭಾಗ ಹಳತು, ಅದಕ್ಕೆ ಮಿಕ್ಸ್ ರಿಲೀಸ್‌ನ ಅಧಿಕೃತ ದಾಖಲೆ ಓದಿದರೆ ಸಾಕು. 2024ರಲ್ಲಿ ಎಲಿಕ್ಸರ್ 1.17 ಮತ್ತು 1.18ರ ಜೊತೆ ಬರಲು ಶುರುವಾದ ಡೇಟಾ ಟೈಪ್ ಪರೀಕ್ಷೆಗಾಗಿ ಅಂತ ಪುಸ್ತಕ ಬದಲಾಯಿಸಬೇಡಿ, ನೀವು ಏನೂ ಬರೆಯದೆಯೇ ಕಂಪೈಲರ್ ತಾನೇ ಎಚ್ಚರಿಕೆ ಕೊಡುತ್ತದೆ. ಕೊಂಡು ಕಪಾಟಿನಲ್ಲಿಟ್ಟು ಮೂರನೇ ಅಧ್ಯಾಯದಲ್ಲೇ ನಿಂತವರು ಹೊಸದನ್ನು ತರಿಸುವ ಮುಂಚೆ ಹಳೆಯದರ ಆರನೇ ಅಧ್ಯಾಯ ತೆರೆದು, ಆ ಸಾಮಾನ್ಯ ಸರ್ವರನ್ನು ಒಂದು ಭಾನುವಾರ ಕೂತು ಟೈಪ್ ಮಾಡಿ ಓಡಿಸಿ ನೋಡಿ. ಎರಡೂ ಆವೃತ್ತಿಯಲ್ಲಿ ಅದು ಒಂದೇ.